ಸೆರಗಿನ ಗಂಟಿನಲ್ಲಿ ಬೀಜ

ಪರದೇಶಕ್ಕೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಏನೇನು ಸೇರಿದೆಯೆಂಬುದನ್ನು ಸುಂಕದ ಅಧಿಕಾರಿಗಿಂತ ಮೊದಲೇ ಬಲ್ಲವರು ನಮ್ಮ ಮನೆಗಳ ಹಿರಿಯ ಹೆಂಗಸರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ, ಸಂಡಿಗೆ, ಹಪ್ಪಳ ಇವು ಮೇಲುಗಡೆ. ಕೆಳಗೆ, ರೇಶಿಮೆ ಸೀರೆಯ ಮಡಿಕೆಯೊಳಗೆ, ಹಳೆಯ ಪಂಚಾಂಗದ ಹಾಳೆಯಲ್ಲಿ ಕಟ್ಟಿದ ನಾಲ್ಕಾರು ಪೊಟ್ಟಣಗಳು: ಪುಂಡಿ, ಹಕ್ಕರಿಕೆ, ಮುಳಗಾಯಿ, ಚವಳಿ, ಹೀರೆ, ಅವರೆ. ಕೆಲವದರ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಿರುತ್ತದೆ. ಕೆಲವದರ ಮೇಲೆ ಅದೂ ಇಲ್ಲ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆಂಬ ಧೈರ್ಯ.

ಇದು ನಮಗೆ ಹೊಸ ಅಭ್ಯಾಸವಲ್ಲ. ಧಾರವಾಡ, ವಿಜಾಪುರ, ಬೆಳಗಾವಿಗಳಿಂದ ಪುಣೆಗೆ ಬಂದು ನೆಲೆಸಿದ ನಮ್ಮ ಹಿರಿಯರೂ ಹೀಗೆಯೇ ಸೆರಗಿನ ಗಂಟಿನಲ್ಲಿ ಬೀಜ ಕಟ್ಟಿಕೊಂಡು ಶಿವಾಜಿನಗರದ ನಿಲ್ದಾಣದಲ್ಲಿ ಇಳಿದವರು. ವಾಡೆಯ ಹಿತ್ತಿಲಲ್ಲಿ, ಆಮೇಲೆ ಗ್ಯಾಲರಿಯ ಡಬ್ಬಿಗಳಲ್ಲಿ ಪುಂಡಿ ಬೆಳೆಯಿತು. ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಭಾಷೆಯ ಗಡಿ ದಾಟಿದೆವೇ ಹೊರತು ದೇಶದ ಗಡಿ ದಾಟಿರಲಿಲ್ಲ. ಈಗ ನಮ್ಮ ಮಕ್ಕಳು ಶಿಕಾಗೋಕ್ಕೂ ಮೆಲ್ಬರ್ನಿಗೂ ಮ್ಯೂನಿಕ್ಕಿಗೂ ಹೋಗುತ್ತಾರೆ. ಗಂಟು ಅದೇ, ಗಡಿ ಮಾತ್ರ ಬೇರೆ. ಈ ವಿಷಯ ತೆಗೆದಾಗ ನಮ್ಮ ಪೈಕಿಯ ಒಬ್ಬ ಕಾಕು ನಗುತ್ತ ಕೇಳಿದ್ದರು: “ಅಲ್ರೀ, ಒಂದ್ ಹಿಡಿ ಮುಳಗಾಯಿ ಬೀಜ ಒಯ್ದ್ರ ಅದೇನ್ ಬಂಗಾರ ಕದ್ದ ಹಂಗ ಆತೇನು?” ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಗೆಯಲ್ಲಲ್ಲದೆ ವಿವರವಾಗಿಯೇ ಉತ್ತರ ಕೊಡಬೇಕೆಂದು ಈ ಲೇಖನ.

ಕನ್ನಡಿಗರ ಮುಂದೆ ಬೀಜ ಒಯ್ಯುವುದರ ವಿರುದ್ಧ ಮಾತನಾಡುವವರು ಮೊದಲು ಚಿಕ್ಕಮಗಳೂರಿನ ಗಿರಿಗಳ ಕಡೆಗೊಮ್ಮೆ ಕೈಮುಗಿಯಬೇಕು. ಹದಿನೇಳನೆಯ ಶತಮಾನದಲ್ಲಿ ಮಕ್ಕಾ ಯಾತ್ರೆಗೆ ಹೋಗಿದ್ದ ಬಾಬಾ ಬುಡನ್ ಎಂಬ ಸಂತರು ಏಮನ್ ದೇಶದ ಮೋಖಾ ರೇವಿನಿಂದ ಏಳು ಕಾಫಿ ಬೀಜಗಳನ್ನು ಮೈಗೆ ಕಟ್ಟಿಕೊಂಡು ತಂದರೆಂದು ಪ್ರತೀತಿ. ಮೊಳೆಯುವ ಕಾಫಿ ಬೀಜವನ್ನು ಹೊರಗೆ ಬಿಡಬಾರದೆಂದು ಅರಬರು ಬಿಗಿ ಕಾವಲು ಇಟ್ಟಿದ್ದ ಕಾಲವಂತೆ ಅದು. ಆ ಏಳು ಬೀಜಗಳ ಋಣವನ್ನು ನಾವು ದಿನಾ ಬೆಳಿಗ್ಗೆ ಲೋಟದಲ್ಲಿ ಕುಡಿಯುತ್ತೇವೆ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ ಇವೂ ಅಮೆರಿಕ ಖಂಡದ ಮೂಲದವು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಹಡಗು ಹತ್ತಿ ಬಂದವರೇ. ಸೀಮೆಬದನೆ ತನ್ನ ಹೆಸರಿನಲ್ಲಿಯೇ ತಾನು ಪರದೇಶಿಯೆಂದು ಒಪ್ಪಿಕೊಂಡಿದೆ. ಬೀಜ ದೇಶ ದಾಟುವುದೇ ಪಾಪವಾಗಿದ್ದರೆ ನಮ್ಮ ಅಡಿಗೆಮನೆ ಅರ್ಧ ಬರಿದಾಗುತ್ತಿತ್ತು.

ಆದರೆ ಬೇಡಿ ತಂದ ಬೀಜದ ಕಥೆ ಒಂದಾದರೆ ಬೇಡದೆ ಬಂದ ಬೀಜದ ಕಥೆ ಇನ್ನೊಂದು. ಅದನ್ನು ಕೇಳಲು ಪುಣೆಯವರಾದ ನಾವು ದೂರ ಹೋಗಬೇಕಾಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮುಳಾ-ಮುಠಾ ನದಿಗಳ ದಂಡೆಯಲ್ಲೋ, ರೈಲು ಹಳಿಯ ಬದಿಯಲ್ಲೋ, ಖಾಲಿ ಬಿದ್ದ ಸೈಟುಗಳಲ್ಲೋ ಕಣ್ಣು ಹಾಯಿಸಿ. ಮೊಣಕಾಲಿನಿಂದ ಎದೆಯುದ್ದದವರೆಗೆ ಬೆಳೆದ, ಗಜ್ಜರಿಯ ಎಲೆಯಂಥ ಎಲೆ, ಸಾಬೂದಾಣಿ ಚೆಲ್ಲಿದಂಥ ಬಿಳಿ ಹೂವಿನ ಗಿಡ ಕಾಣಿಸುತ್ತದೆ. ನೆರೆಯ ಮರಾಠಿ ಮಂದಿ ಇದಕ್ಕೆ ಗಾಜರ್ ಗವತ್ ಎನ್ನುತ್ತಾರೆ. ನಮ್ಮೂರ ಕಡೆ ಕಾಂಗ್ರೆಸ್ ಗಿಡ. ಶಾಸ್ತ್ರಜ್ಞರ ಬಾಯಲ್ಲಿ ಪಾರ್ಥೇನಿಯಮ್. ಇದು ಮೆಕ್ಸಿಕೋ ಸುತ್ತಲಿನ ಉಷ್ಣ ಅಮೆರಿಕದ ಕಳೆ. ಇದನ್ನು ನಮ್ಮ ದೇಶದಲ್ಲಿ ಮೊದಲು ಗಮನಿಸಿ, 1956ರಲ್ಲಿ ಭಾರತಕ್ಕೆ ಹೊಸದೆಂದು ದಾಖಲೆ ಮಾಡಿದ್ದು ಬೇರೆಲ್ಲಿಯೂ ಅಲ್ಲ, ಈ ನಮ್ಮ ಪುಣೆಯಲ್ಲಿಯೇ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಇದರ ಬೀಜ ಬಂತೆಂಬುದು ಜನರ ಸಾಮಾನ್ಯ ನಂಬಿಕೆ. ಅದಕ್ಕೂ ಮುಂಚೆಯೇ ದೇಶದಲ್ಲಿ ಅಲ್ಲಲ್ಲಿ ಇದ್ದಿರಬೇಕೆಂದು ವಾದಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಹೇಗೆಯೇ ಬಂದಿರಲಿ, ಅದನ್ನು ಬೇಕೆಂದು ಯಾರೂ ತರಲಿಲ್ಲ. ಧಾನ್ಯದ ಚೀಲದಲ್ಲಿ ಕಣ್ಣಿಗೆ ಬೀಳದ ಕರಿಯ ಪುಡಿಯಂತೆ ಕೂತು ಬರಲು ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆಮೇಲಿನದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಲಾರಿಯ ಗಾಲಿಗೆ ಮೆತ್ತಿದ ಕೆಸರಿನಲ್ಲಿ, ನರ್ಸರಿಯ ಕುಂಡದ ಮಣ್ಣಿನಲ್ಲಿ, ಹೊಳೆಯ ನೀರಿನಲ್ಲಿ ಅದು ಊರೂರು ಸೇರಿತು. ಕೆಲವೇ ದಶಕಗಳಲ್ಲಿ ಕರ್ನಾಟಕದ ಬೀಳುಭೂಮಿಯನ್ನೆಲ್ಲ ಹಿಡಿಯಿತು. ದನ ಅದನ್ನು ತಿನ್ನದು; ತಿಂದರೆ ಹಾಲು ಕಹಿ. ಕಳೆ ಕೀಳಲು ಹೋದ ಹೆಣ್ಣಾಳುಗಳ ಕೈ ಕುತ್ತಿಗೆಗಳಲ್ಲಿ ತುರಿಕೆಯ ಗಂದೆ, ಕೆಲವರಿಗೆ ಉಬ್ಬಸ. ಕೊನೆಗೆ ಇದನ್ನು ತಿನ್ನುವ ದುಂಬಿಯೊಂದನ್ನು ಹುಡುಕಿಕೊಂಡು ಮೂಲದೇಶಕ್ಕೇ ಹೋಗಬೇಕಾಯಿತು. 1983ರಲ್ಲಿ ಮೆಕ್ಸಿಕೋದಿಂದ ಆ ದುಂಬಿಯನ್ನು ಬೆಂಗಳೂರಿಗೆ ತರಿಸಿ, ಮುಚ್ಚಿದ ಕೋಣೆಗಳಲ್ಲಿ ಇಟ್ಟು, ಬೇರೆ ಬೆಳೆಯ ಗೊಡವೆಗೆ ಹೋಗುವುದಿಲ್ಲವೆಂದು ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟರು. ಆಮೇಲೂ ಅದು ಸೂರ್ಯಕಾಂತಿಯನ್ನು ತಿಂದೀತೆಂದು ದೊಡ್ಡ ಗದ್ದಲವೆದ್ದಿತ್ತು. ದುಂಬಿ ಮಳೆಗಾಲದಲ್ಲಿ ತನ್ನ ಕೆಲಸ ಮಾಡುತ್ತದೆ. ಗಿಡವೂ ತನ್ನ ಕೆಲಸ ಮಾಡುತ್ತಲೇ ಇದೆ. ಬಂದ ಮೇಲೆ ಕಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇಷ್ಟು ಸಾಕು.

ನಾವೇನು ಬರಿಯ ಪಡೆದವರಲ್ಲ, ಕೊಟ್ಟವರೂ ಹೌದು. ಗೋಧಿಯ ಕಾಳು ಕರಿಯ ಪುಡಿಯಾಗಿ ಮೀನಿನ ನಾತ ಹೊಡೆಯುವ ಒಂದು ರೋಗವನ್ನು 1931ರಲ್ಲಿ ಆಗಿನ ಪಂಜಾಬಿನ ಕರ್ನಾಲಿನಲ್ಲಿ ಗುರುತಿಸಿದರು. ಕರ್ನಾಲ್ ಬಂಟ್ ಎಂದೇ ಜಗತ್ತಿನಲ್ಲಿ ಅದರ ಹೆಸರು. ಬೀಜಕ್ಕೂ ಮಣ್ಣಿಗೂ ಅಂಟಿಕೊಂಡು ಸಾಗುವ ಈ ರೋಗ 1970ರ ದಶಕದ ಆರಂಭದಲ್ಲಿ ಮೆಕ್ಸಿಕೋದಲ್ಲಿ ಕಾಣಿಸಿತು, 1996ರಲ್ಲಿ ಅಮೆರಿಕದ ಅರಿಜೋನಾದಲ್ಲಿ. ಅಲ್ಲಿಯ ರೈತರ ಗೋಧಿಗೆ ಪರದೇಶದ ಕೊಳ್ಳುವವರು ಬಾಗಿಲು ಹಾಕುವ ಪ್ರಸಂಗ ಬಂತು. ಇನ್ನು ನಮ್ಮ ಅಕ್ಕಿ ಬೇಳೆಯ ಡಬ್ಬಿಗಳ ಖಪ್ರಾ ಹುಳು. ಹೆಸರೂ ನಮ್ಮದೇ, ಹುಳುವೂ ಬಹುಮಟ್ಟಿಗೆ ನಮ್ಮದೇ. ಇದರ ಮರಿ ಗೋಡೆಯ ಬಿರುಕಿನಲ್ಲಿ ಅಡಗಿ, ತಿನ್ನಲು ಏನೂ ಇಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. ಆಸ್ಟ್ರೇಲಿಯಾ ದೇಶವು 2020ರಿಂದೀಚೆಗೆ ಅಕ್ಕಿ, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ ಮುಂತಾದವನ್ನು ಅಂಚೆಯಲ್ಲಿಯೂ ಪ್ರಯಾಣಿಕರ ಸಾಮಾನಿನಲ್ಲಿಯೂ ತಡೆಯಲು ಹೊರಟದ್ದು ಈ ಒಂದು ಹುಳುವಿನ ಭಯದಿಂದ. ಅವರು ನಮ್ಮ ಅಡಿಗೆಯ ಮೇಲೆ ಮುನಿಸಿಕೊಂಡಿದ್ದಾರೆಂದು ಕೆಲವರು ಬೇಸರಪಡುವುದನ್ನು ಕೇಳಿದ್ದೇವೆ. ಹಾಗಲ್ಲ, ತಮ್ಮ ಕಣಜಕ್ಕೆ ಅವರು ಹೆದರಿದ್ದಾರೆ.

ಒಣಗಿಸಿ, ಬೂದಿ ಸವರಿ, ಬೇವಿನೆಲೆ ಹಾಕಿ ಇಟ್ಟ ಮನೆಯ ಬೀಜಕ್ಕೆ ಏನು ರೋಗವೆಂದು ಕೇಳಬಹುದು. ನುಸಿಯನ್ನು ಬೇವಿನೆಲೆ ತಡೆದೀತು. ಬೀಜದ ಸಿಪ್ಪೆಯ ಮೇಲೋ ಒಳಗೋ ಕೂತ ವಿಷಾಣುವನ್ನು ಅದು ತಡೆಯದು. ಟೊಮೆಟೊ ಮತ್ತು ಮೆಣಸಿನ ಗಿಡಕ್ಕೆ ಬರುವ ಒಂದು ಹೊಸ ವಿಷಾಣು 2014-15ರ ಸುಮಾರಿಗೆ ಇಸ್ರೇಲ್ ಮತ್ತು ಜೋರ್ಡಾನಿನಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಿಗೆ ಹಬ್ಬಿತು. ಅದು ಪ್ರಯಾಣ ಮಾಡುವ ವಾಹನಗಳಲ್ಲಿ ಬೀಜವೂ ಒಂದು. ಬೀಜ ನೋಡಲು ಪುಷ್ಟವಾಗಿಯೇ ಇರುತ್ತದೆ. ಬ್ಯಾಡಗಿ ಮೆಣಸಿನ ಬೀಜವನ್ನು ಮಗನಿಗೆ ಕಳಿಸಬೇಕೆಂದಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಎರಡು ಬೆಳೆಗಳ ಬೀಜದ ಮೇಲೆ ಅನೇಕ ದೇಶಗಳ ಕಣ್ಣು ಹೆಚ್ಚು ಬಿಗಿ.

ಕ್ವಾರಂಟೈನ್ ಎಂಬ ಮಾತು ಪುಣೆಗೆ ಹೊಸದಲ್ಲ. 1897ರ ಪ್ಲೇಗಿನ ಕಾಲದಿಂದ ಈ ಊರಿನ ಹಿರಿಯರ ಬಾಯಲ್ಲಿ ಅದು ಕಹಿಯಾಗಿಯೇ ಉಳಿದಿತ್ತು. ಗಿಡಗಳ ಕ್ವಾರಂಟೈನಿಗೂ ವಯಸ್ಸಾಗಿದೆ. ದ್ರಾಕ್ಷಿಯ ಬೇರು ತಿನ್ನುವ ಹೇನೊಂದು ಯುರೋಪಿನ ತೋಟಗಳನ್ನು ನಾಶ ಮಾಡಿದ ಮೇಲೆ ಅಲ್ಲಿಯ ದೇಶಗಳು 1881ರಲ್ಲಿ ಬರ್ನ್ ನಗರದಲ್ಲಿ ಕೂಡಿ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ 1914ರಲ್ಲಿ ಕೀಟ-ಪೀಡೆಗಳ ಕಾಯಿದೆ ಬಂತು. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದಲ್ಲಿ ಭಾರತವೂ ಸೇರಿದೆ. ಆ ಒಪ್ಪಂದದ ಫಲವೇ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಎಂಬ ಕಾಗದ. ಈ ಬೀಜವನ್ನು ಕಳಿಸುವ ದೇಶದ ಅಧಿಕಾರಿ ಪರೀಕ್ಷಿಸಿದ್ದಾನೆ, ಮುಟ್ಟುವ ದೇಶದ ನಿಯಮಕ್ಕೆ ಇದು ಸರಿಹೊಂದುತ್ತದೆ ಎಂದು ಅದರ ಅರ್ಥ. ನಮ್ಮಲ್ಲಿ ಅದನ್ನು ಕೊಡುವವರು ಮುಂಬಯಿ, ಬೆಂಗಳೂರು ಮೊದಲಾದ ಕಡೆಗಳಲ್ಲಿರುವ ಕೇಂದ್ರ ಸರಕಾರದ ಸಸ್ಯ ಸಂಗರೋಧ ಕಚೇರಿಗಳವರು, ಮತ್ತು ಅಧಿಕಾರ ಪಡೆದ ರಾಜ್ಯ ಕೃಷಿ ಅಧಿಕಾರಿಗಳು. ನಾಲ್ಕು ಪೊಟ್ಟಣ ಮುಳಗಾಯಿ ಬೀಜಕ್ಕಾಗಿ ಇದರ ಬೆನ್ನು ಹತ್ತುವುದು ಬೆಟ್ಟ ಅಗೆದು ಇಲಿ ಹಿಡಿದಂತೆ ಎಂದು ನಿಮಗೆ ಅನಿಸಿದರೆ ನಾವು ಅಲ್ಲವೆನ್ನುವುದಿಲ್ಲ. ವ್ಯಾಪಾರದ ಮೂಟೆಗಳಿಗಾಗಿ ಹುಟ್ಟಿದ ಕಾಗದವದು. ತಾಯಿಯ ಕೈಯ ಪೊಟ್ಟಣ ಅದರ ಲೆಕ್ಕದಲ್ಲಿ ಇರಲಿಲ್ಲ.

ಅಮೆರಿಕ ಮಾತ್ರ ಇದನ್ನು ಮನಗಂಡು ಒಂದು ಕಿರುದಾರಿ ಮಾಡಿದೆ. ಸಣ್ಣ ಪ್ರಮಾಣದ ಬೀಜಕ್ಕೆಂದು ಅಲ್ಲಿಯ ಕೃಷಿ ಇಲಾಖೆಯಿಂದ ಒಂದು ಪರ್ಮಿಟ್ ಸಿಗುತ್ತದೆ. ಅದನ್ನು ಅಲ್ಲಿರುವ ಮಗಳೇ ಮೊದಲು ತೆಗೆದುಕೊಳ್ಳಬೇಕು, ಇಲ್ಲಿರುವ ತಾಯಿಯಲ್ಲ. ಪರ್ಮಿಟ್ಟಿದ್ದರೆ ಸರ್ಟಿಫಿಕೇಟಿನ ಗೋಜಿಲ್ಲ. ಒಂದು ಪೊಟ್ಟಣದಲ್ಲಿ ಒಂದೇ ಜಾತಿ, ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ. ಒಂದು ಸಲಕ್ಕೆ ಹೆಚ್ಚೆಂದರೆ 50 ಪೊಟ್ಟಣ. ಪ್ರತಿಯೊಂದರ ಮೇಲೂ ಸಸ್ಯಶಾಸ್ತ್ರದ ಹೆಸರು ರೋಮನ್ ಅಕ್ಷರದಲ್ಲಿ ಇರಬೇಕು: ಅವರೆಗೆ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್, ಮುಳಗಾಯಿಗೆ ಸೊಲಾನಮ್ ಮೆಲಾಂಜಿನಾ, ಹೀಗೆ. ‘ಅಜ್ಜಿಯ ಮುಳಗಾಯಿ’ ಎಂದು ಬರೆದರೆ ನಡೆಯದು. ಬೀಜಕ್ಕೆ ಮಣ್ಣು, ತಿರುಳು, ಕಸ, ಔಷಧ ಏನೂ ಅಂಟಿರಬಾರದು. ಅಂದರೆ ಬೂದಿ ಬೇವಿನೆಲೆಗಳ ನಮ್ಮ ಹಳೆಯ ಉಪಾಯ ಇಲ್ಲಿ ಉಲ್ಟಾ ಹೊಡೆಯುತ್ತದೆ. ಪೊಟ್ಟಣ ನೇರವಾಗಿ ಮಗಳ ಮನೆಗೆ ಹೋಗದೆ, ಪರ್ಮಿಟ್ಟಿನೊಂದಿಗೆ ಬರುವ ಚೀಟಿ ಅಂಟಿಸಿಕೊಂಡು ಮೊದಲು ತಪಾಸಣೆಯ ಠಾಣೆಗೆ ಹೋಗುತ್ತದೆ. ಎಲ್ಲ ಬೀಜಕ್ಕೂ ಈ ದಾರಿ ತೆರೆದಿಲ್ಲ. ಪುಂಡಿ, ಬೆಂಡೆಗಳು ಹತ್ತಿಯ ಬಳಗದವು. ಹತ್ತಿಯ ಕಾಯಿಕೊರಕ ಹುಳುವಿನ ಸಂಬಂಧದಿಂದ ಅವುಗಳ ಮೇಲೆ ಹೆಚ್ಚಿನ ನಿರ್ಬಂಧ ಬೀಳುವುದುಂಟು. ಆದುದರಿಂದ ಪರ್ಮಿಟ್ ಕೇಳುವಾಗಲೇ ಒಂದೊಂದು ಹೆಸರನ್ನೂ ಅಂದಿನ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಯುರೋಪಿನ ಒಕ್ಕೂಟದ ದೇಶಗಳಲ್ಲಿ 2019ರ ದಶಂಬರ 14ರಿಂದ ಹೊರಗಿನ ಗಿಡ, ಬೀಜ, ಕಾಯಿಪಲ್ಲೆಗಳಿಗೆ ಬಹುಮಟ್ಟಿಗೆ ಎಲ್ಲಕ್ಕೂ ಸರ್ಟಿಫಿಕೇಟ್ ಬೇಕು. ಬಿಟ್ಟಿರುವುದು ಐದೇ ಹಣ್ಣು: ಅನಾನಸು, ತೆಂಗು, ಬಾಳೆ, ಖರ್ಜೂರ ಮತ್ತು ದುರಿಯನ್. ತೆಂಗು-ಬಾಳೆಗಳನ್ನು ಬಿಟ್ಟದ್ದರಿಂದ ಮ್ಯೂನಿಕ್ಕಿನಲ್ಲಿ ಉಡಿ ತುಂಬುವುದಕ್ಕಂತೂ ಅಡ್ಡಿಯಿಲ್ಲ. ನ್ಯೂಜಿಲೆಂಡಿನಲ್ಲಿ ಹೇಳದೆ ಒಯ್ದ ಒಂದು ಹಣ್ಣಿಗೂ ನಿಂತ ನಿಲುವಿನಲ್ಲಿ 400 ಡಾಲರ್ ದಂಡ. ಆಸ್ಟ್ರೇಲಿಯಾದಲ್ಲಿ ದಂಡ ಇನ್ನೂ ದೊಡ್ಡದು. ವೀಸಾ ರದ್ದಾಗಿ ಅದೇ ವಿಮಾನ ನಿಲ್ದಾಣದಿಂದ ಹಿಂದಿರುಗಬೇಕಾದ ಪ್ರಸಂಗವೂ ಬರಬಹುದು. ಕೆಲಸಕ್ಕೋ ಓದಿಗೋ ಹೊರಟ ಮಕ್ಕಳ ಸಾಮಾನಿನಲ್ಲಿ ಅವರಿಗೆ ತಿಳಿಯದಂತೆ ಪೊಟ್ಟಣ ಇಡುವ ತಾಯಂದಿರು ಇದನ್ನು ಯೋಚಿಸಬೇಕು. ಚೀಟಿಗೆ ಸಹಿ ಹಾಕುವವರು ಮಕ್ಕಳು. ಉತ್ತರ ಕೊಡಬೇಕಾದವರೂ ಅವರೇ. ಈಗಾಗಲೇ ಪೆಟ್ಟಿಗೆಯಲ್ಲಿ ಏನಾದರೂ ಇದ್ದರೆ ಇಳಿದ ಕೂಡಲೆ ಚೀಟಿಯಲ್ಲಿ ಬರೆದು ತೋರಿಸುವುದೊಂದೇ ದಾರಿ. ತೋರಿಸಿದರೆ ಹೋಗುವುದು ಬೀಜ ಮಾತ್ರ.

ಇನ್ನು ಅನೇಕರಿಗೆ ತಿಳಿಯದ ಒಂದು ಸಂಗತಿ. ಇಷ್ಟೆಲ್ಲ ಅಪಾಯ ಹೊತ್ತು ಒಯ್ದ ಅವರೆ ಅಲ್ಲಿ ಬಳ್ಳಿಯಾಗಿ ಬೇಲಿ ತುಂಬ ಹಬ್ಬುತ್ತದೆ, ಎಲೆ ಅಂಗೈಯಗಲ ಆಗುತ್ತದೆ, ಆದರೆ ಕಾಯಿ ಇಲ್ಲ. ಮಗಳು ಫೋನಿನಲ್ಲಿ, “ಅವ್ವಾ, ನಿನ್ನ ಬೀಜ ಸುಳ್ಳು” ಎನ್ನುತ್ತಾಳೆ. ಬೀಜ ಸುಳ್ಳಲ್ಲ, ಹಗಲು ಉದ್ದ. ನಮ್ಮ ಹಳೆಯ ತಳಿಯ ಅವರೆ ಹೂ ಬಿಡುವುದು ರಾತ್ರಿ ಉದ್ದವಾಗತೊಡಗಿದ ಮೇಲೆ. ಆದ್ದರಿಂದಲೇ ಸಂಕ್ರಾಂತಿಯ ಹೊತ್ತಿಗೆ ಸೊಗಡಿನ ಕಾಯಿ. ಪುಣೆಯಲ್ಲಿ ವರ್ಷದ ಅತಿ ದೀರ್ಘ ಹಗಲು 13 ತಾಸಿನ ಆಸುಪಾಸು. ಶಿಕಾಗೋದಲ್ಲಿ ಜೂನ್ ತಿಂಗಳಲ್ಲಿ ಅದು 15 ತಾಸನ್ನು ದಾಟುತ್ತದೆ. ಅಲ್ಲಿ ರಾತ್ರಿ ಸಾಕಷ್ಟು ಉದ್ದವಾಗಿ ಅವರೆ ಮೊಗ್ಗು ಕಟ್ಟುವ ಹೊತ್ತಿಗೆ ಅಕ್ಟೋಬರಿನ ಹಿಮ ಬಿದ್ದು ಬಳ್ಳಿ ಸುಟ್ಟಂತಾಗುತ್ತದೆ. ಪುಂಡಿಯದೂ ಇದೇ ಪಾಡು: ಸೊಪ್ಪು ಬೇಕಾದಷ್ಟು, ಬೀಜ ಮಾಗುವುದಿಲ್ಲ, ಆದ್ದರಿಂದ ಪ್ರತಿ ವರ್ಷ ತವರಿನಿಂದ ಹೊಸ ಪೊಟ್ಟಣದ ಬೇಡಿಕೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಎಚ್‌ಎ-3, ಎಚ್‌ಎ-4 ಎಂಬ ಹೆಬ್ಬಾಳ ಅವರೆಯ ತಳಿಗಳನ್ನು ಮಾಡಿದ್ದಾರೆ. ಪರ್ಮಿಟ್ ತೆಗೆಸಿ ಕಳಿಸುವುದಾದರೆ ಅಂಥದನ್ನು ಕಳಿಸಬೇಕು. ಇಲ್ಲವೇ ಅಲ್ಲಿಯ ಬೀಜದಂಗಡಿಗಳಲ್ಲಿ ನೋಡಬೇಕು. ಹಾಗಲ, ಹೀರೆ, ಸೋರೆ, ಮೆಂತ್ಯೆ, ಬೆಂಡೆಗಳ ಬೀಜ ಈಗ ಅಲ್ಲಿಯೇ ಸಿಗುತ್ತದೆ. ಅವರೆಯ ಒಂದು ಜಾತಿಯನ್ನು ಹಯಸಿಂತ್ ಬೀನ್ ಎಂದು ನೇರಳೆ ಹೂವಿನ ಅಂದಕ್ಕಾಗಿ ಮಾರುತ್ತಾರಂತೆ. ನಮ್ಮ ಅವರೆಯನ್ನು ಹೂದಾನಿಗೆ ಏರಿಸಿದ ಆ ಜನರ ರಸಿಕತೆಗೆ ಏನೆನ್ನೋಣ!

ಅಂಚೆಯ ವಿಷಯದಲ್ಲಿ ಒಂದೆರಡು ಮಾತು. ಪಾರ್ಸಲಿನ ಸುಂಕದ ಚೀಟಿಯಲ್ಲಿ ‘ಮಣಿ’, ‘ಆಟಿಗೆ’, ‘ಪೂಜಾ ಸಾಮಾನು’ ಎಂದು ಬರೆದು ಬೀಜ ಕಳಿಸುವವರಿದ್ದಾರೆ. ಯಂತ್ರದ ಕಣ್ಣಿಗೂ ನಾಯಿಯ ಮೂಗಿಗೂ ಆ ಚೀಟಿ ಓದಲು ಬರುವುದಿಲ್ಲ. 2020ರ ಜುಲೈಯಲ್ಲಿ ಅಮೆರಿಕದ ಊರೂರುಗಳ ಸಾವಿರಾರು ಮನೆಗಳಿಗೆ ಯಾರೂ ಕೇಳದ ಬೀಜದ ಪೊಟ್ಟಣಗಳು ಹೆಚ್ಚಾಗಿ ಚೀನದ ವಿಳಾಸದಿಂದ ಬಂದು ಬಿದ್ದವು; ಕೆಲವದರ ಮೇಲೆ ಒಡವೆಯೆಂದು ಬರೆದಿತ್ತು. ಮಾರಾಟದ ಲೆಕ್ಕ ಉಬ್ಬಿಸುವ ಅಂಗಡಿಕಾರರ ಕಪಟವಿದ್ದೀತೆಂದು ಆಮೇಲೆ ಊಹಿಸಿದರು. ಆದರೆ ಅದೇ ಆಗಸ್ಟಿನಲ್ಲಿ ನಮ್ಮ ಕೃಷಿ ಮಂತ್ರಾಲಯವೂ ರಾಜ್ಯಗಳಿಗೆ ಎಚ್ಚರಿಕೆ ಕಳಿಸಿತು. ಅಂಥ ಪೊಟ್ಟಣ ಬಂದರೆ ಬಿತ್ತಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಬುಟ್ಟಿಯಿಂದ ತಿಪ್ಪೆ, ತಿಪ್ಪೆಯಿಂದ ಹೊಲ. ಕೃಷಿ ಅಧಿಕಾರಿಗೆ ಒಪ್ಪಿಸಬೇಕು.

ರಜೆಗೆ ಬರುವ ಮಕ್ಕಳು ಅಲ್ಲಿಂದ ತರುವ ಬೀಜ-ಗಡ್ಡೆಗಳಿಗೂ ಇದೇ ನ್ಯಾಯ. 2003ರ ಸಸ್ಯ ಸಂಗರೋಧ ಆಜ್ಞೆಯ ಪ್ರಕಾರ ಬಿತ್ತುವ ಬೀಜ ಭಾರತದೊಳಗೆ ಬರಲು ಮುಂಚಿತವಾಗಿ ಪಡೆದ ಪರ್ಮಿಟ್ಟೂ ಅಲ್ಲಿಯ ಸರ್ಟಿಫಿಕೇಟೂ ಬೇಕು, ಮಣ್ಣಂತೂ ಕೂಡದು. ಕಾಂಗ್ರೆಸ್ ಗಿಡದ ಊರಿನವರು ಇದನ್ನು ಹೆಚ್ಚೆಂದು ಹೇಳಲಾರೆವು.

ಹಾಗಾದರೆ ಅಜ್ಜಿಯ ಮುಳಗಾಯಿಯ ಗತಿಯೇನು? ನಮಗೆ ನಿಜವಾಗಿ ಚಿಂತೆ ಹತ್ತಿದ್ದು ಇಲ್ಲಿ. ಅಂಗಡಿಯಲ್ಲಿ ಸಿಗುವ ಬೀಜ ಎಲ್ಲಿಯಾದರೂ ಸಿಕ್ಕೀತು. ಒಂದು ಮನೆತನದಲ್ಲಿ ಮೂರು ತಲೆಮಾರು ಆರಿಸಿ ಕಾದಿಟ್ಟ ಮುಳಗಾಯಿ, ಒಂದು ಊರಿನ ಹಕ್ಕರಿಕೆ, ಇವು ಆ ಡಬ್ಬಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಕ್ಕಿಲ್ಲ. ಮಗಳ ಪೆಟ್ಟಿಗೆಯಲ್ಲಿ ಹೋಗಿ ಅವು ನಿಲ್ದಾಣದ ಕಸದ ಪೀಪಾಯಿ ಸೇರಿದರೆ, ಇತ್ತ ಡಬ್ಬಿಯಲ್ಲಿಯೂ ಬೀಜ ಮುದಿಯಾದರೆ, ಅಲ್ಲಿಗೆ ಆ ತಳಿ ಮುಗಿಯಿತು. ಬೀಜವನ್ನು ಉಳಿಸುವ ಕೆಲಸ ಮೊದಲು ಇಲ್ಲಿ ನಡೆಯಬೇಕು. ಕಳಿಸುವ ಮಾತು ಆಮೇಲೆ. ಧಾರವಾಡದಲ್ಲಿ ಕೃಷಿ ಕಾಲೇಜು ತೆರೆದದ್ದು 1947ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಬೇಸಾಯ ಓದಲು ಈ ಶಿವಾಜಿನಗರದ ಕೃಷಿ ಕಾಲೇಜಿಗೆ ಬರುತ್ತಿದ್ದರು. ಹೊಲದ ಪಾಠ ಈ ಮಣ್ಣಿನಲ್ಲಿ ಕಲಿತವರ ಮೊಮ್ಮಕ್ಕಳಿಗೆ ಮಾಳಿಗೆಯ ಮೇಲೆ ನಾಲ್ಕು ಕುಂಡ ಇಡುವುದು ಹೊರೆಯಾಗಲಾರದು.

ಮುಳಗಾಯಿಯನ್ನು ಬೀಜಕ್ಕೆ ಬಿಡುವವರು ಗಿಡದ ಒಳ್ಳೆಯ ಒಂದೆರಡು ಕಾಯಿಗೆ ದಾರ ಕಟ್ಟಿ ಗುರುತಿಟ್ಟು, ಹಳದಿಯಾಗಿ ಮೆತ್ತಗಾಗುವವರೆಗೆ ಕೀಳಬಾರದು. ಬೇರೆ ಜಾತಿಯ ಮುಳಗಾಯಿ ಪಕ್ಕದಲ್ಲಿ ಹೂ ಬಿಟ್ಟಿದ್ದರೆ ದುಂಬಿಗಳು ಬೆರಕೆ ಮಾಡುವುದುಂಟು; ಮೊಗ್ಗಿಗೆ ತೆಳುವಾದ ಬಟ್ಟೆಯ ಚೀಲ ಕಟ್ಟಿದರೆ ಸಾಕು. ತಿರುಳನ್ನು ನೀರಿನಲ್ಲಿ ಹಿಚುಕಿ, ತಳದಲ್ಲಿ ನಿಂತ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವರ್ಷ ಕೆಡದು. ಬಾಟಲಿಯ ಮೇಲೆ ಜಾತಿ, ಊರು, ಇಸವಿ ಬರೆದಿಡಬೇಕು. ಒಂದೇ ಮನೆಯಲ್ಲಿ ಇಡದೆ ನೆರೆಯ ಎರಡು ಮನೆಗಳಿಗೂ ಒಂದೊಂದು ಹಿಡಿ ಹಂಚಬೇಕು. ಪುಣೆಯೊಳಗೆ ಹಂಚಲು ಯಾವ ಪರ್ಮಿಟ್ಟೂ ಬೇಡ.